ಅಲಾಸ್ಕಾದ ಹಡಗು ಹತ್ತುವ ಮುನ್ನ

ಮೇ ತಿಂಗಳ ಕೊನೆ, ಜೂನ್ ಮೊದಲ ವಾರಗಳೆಂದರೆ ಅಲಾಸ್ಕಾದ ಹಿಮನದಿಗಳ ಬುಡದಲ್ಲಿ ಸೀಲ್‌ಗಳಿಗೆ ಹೆರಿಗೆಯ ಕಾಲ. ಹಿಮನದಿಯಿಂದ ಕಳಚಿ ಬಿದ್ದ ಮಂಜುಗಡ್ಡೆಗಳು ಕಡಲ ಚಾಚಿನ ತುಂಬ ತೇಲುತ್ತಿರುತ್ತವೆ. ತಾಯಿ ಸೀಲ್ ಅಂಥದೊಂದು ಗಡ್ಡೆಯನ್ನೇರಿ ಅಲ್ಲೇ ಮರಿ ಹಾಕುತ್ತದೆ. ಬೇಟೆಯಾಡಲು ಬರುವ ಓರ್ಕಾ ತಿಮಿಂಗಿಲಗಳಿಗೆ ಆ ಗಡ್ಡೆಗಳ ನಡುವೆ ದಾರಿ ಮಾಡಿಕೊಳ್ಳುವುದು ಕಷ್ಟ. ಮರಿ ಹುಟ್ಟಿದೊಡನೆ ಈಜಬಲ್ಲದು, ನಿಜ. ಆದರೆ ಅದರ ಚರ್ಮದಡಿಯ ಕೊಬ್ಬು ಇನ್ನೂ ತೆಳು. ಆ ನೀರೋ, ಮಂಜು ಕರಗಿ ಬಂದದ್ದು. ಕೊಬ್ಬು ಕೂಡಿಬರಬೇಕಾದರೆ ತಾಯಿ ವಾರಗಟ್ಟಲೆ ಹಾಲೂಡಬೇಕು. ಹಾಲೂಡಬೇಕಾದರೆ ತಾಯಿ, ಮರಿ ಎರಡೂ ಗಡ್ಡೆಯ ಮೇಲೆ ನೆಮ್ಮದಿಯಾಗಿ ಮಲಗಿರಬೇಕು.

ಅದೇ ಹೊತ್ತಿಗೆ ಬೆಟ್ಟದ ತಿರುವಿನಲ್ಲಿ ಬಹುಮಹಡಿ ಕಟ್ಟಡದಂಥ ಹಡಗು ಕಾಣಿಸಿಕೊಳ್ಳುತ್ತದೆ. ಡೆಕ್ಕಿನ ತುಂಬ ಜನ, ಬಾಲ್ಕನಿಗಳ ತುಂಬ ಕ್ಯಾಮೆರಾ. ಧ್ವನಿವರ್ಧಕದಲ್ಲಿ ಯಾರೋ ವಿವರಣೆ ಕೊಡುತ್ತಿರುತ್ತಾರೆ. ತಾಯಿ ತಲೆಯೆತ್ತಿ ನೋಡುತ್ತದೆ, ಗಡ್ಡೆಯ ಅಂಚಿಗೆ ಸರಿಯುತ್ತದೆ, ನೀರಿಗೆ ಜಾರುತ್ತದೆ. ಹಿಂದೆಯೇ ಮರಿ. ಮೇಲಿದ್ದವರಿಗೆ ಅದು ಮುದ್ದಾದ ದೃಶ್ಯ. ಮರಿಯ ಮಟ್ಟಿಗೆ ಅದು ಕುಡಿಯುತ್ತಿದ್ದ ಹಾಲು ತಪ್ಪಿದ ಗಳಿಗೆ, ಮೈಯ ಕಾವು ನೀರಿಗೆ ಸೋರಿಹೋದ ಗಳಿಗೆ.

ಇದು ನನ್ನ ಊಹೆಯಲ್ಲ. ಹಬರ್ಡ್ ಹಿಮನದಿಯ ಎದುರಿನ ಕೊಲ್ಲಿಯಲ್ಲಿ ಹಡಗುಗಳು ಹೆಚ್ಚಿದಾಗ ಮೊದಲು ದನಿಯೆತ್ತಿದವರು ಯಾಕುಟಾಟ್ ಊರಿನ ಟ್ಲಿಂಗಿಟ್ ಮೂಲನಿವಾಸಿ ಜನ. ಸೀಲ್‌ಗಳನ್ನು ತಲೆಮಾರುಗಳಿಂದ ಬಲ್ಲವರು ಅವರು. ಆಮೇಲೆ ಅಮೆರಿಕ ಸರ್ಕಾರದ ವಿಜ್ಞಾನಿಗಳು ಅಲ್ಲಿ ಅಧ್ಯಯನ ನಡೆಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶ ಹೇಳುವುದಿಷ್ಟು: ಹಡಗು 500 ಮೀಟರ್ ದೂರದಲ್ಲಿದ್ದಾಗಿನದಕ್ಕೆ ಹೋಲಿಸಿದರೆ, 100 ಮೀಟರ್‌ವರೆಗೆ ಬಂದಾಗ ಸೀಲ್ ನೀರಿಗಿಳಿಯುವ ಸಾಧ್ಯತೆ 25 ಪಟ್ಟು. ಅಂದರೆ ಹಡಗು ಅರ್ಧ ಕಿಲೋಮೀಟರ್ ಆಚೆ ನಿಂತರೆ ಸಾಕು, ಬಹುಪಾಲು ತೊಂದರೆ ಅಲ್ಲಿಗೇ ನಿಲ್ಲುತ್ತದೆ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದಲ್ಲಿ ಇಂಥ ಕಟ್ಟುಪಾಡು ಇದೆ. ಅಲ್ಲಿ ದಿನಕ್ಕೆ ಎರಡೇ ಕ್ರೂಸ್ ಹಡಗು. ಸೀಲ್‌ಗಳು ಹೆಚ್ಚಾಗಿ ಮರಿ ಹಾಕುವ ಜಾನ್ಸ್ ಹಾಪ್‌ಕಿನ್ಸ್ ಕಡಲಚಾಚಿಗೆ ಬೇಸಿಗೆ ಮುಗಿದು ಸೆಪ್ಟೆಂಬರ್ ಬರುವ ತನಕ ಕ್ರೂಸ್ ಹಡಗಿಗೆ ಪ್ರವೇಶವಿಲ್ಲ. ಇಷ್ಟಾಗಿಯೂ ಗ್ಲೇಸಿಯರ್ ಬೇಗೆ ಬರುವ ಹಡಗುಗಳೇನೂ ಕಡಿಮೆಯಾಗಿಲ್ಲ, ನೋಡಲು ಬಂದವರೇನೂ ಬರಿಗೈಯಲ್ಲಿ ಮರಳಿಲ್ಲ.

ಆ ಬಾಲ್ಕನಿಗಳಲ್ಲಿ ನಿಂತವರಲ್ಲಿ ಕನ್ನಡಿಗರೂ ಇದ್ದಾರೆ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಗ ಸಿಯಾಟಲ್‌ನಲ್ಲಿ, ಮಗಳು ಸ್ಯಾನ್ ಹೋಸೆಯಲ್ಲಿ. ಅಪ್ಪ ಅಮ್ಮ ಬೇಸಿಗೆಗೆ ಬಂದಿದ್ದಾರೆ. ನಯಾಗರ ಆಯಿತು, ಗ್ರ್ಯಾಂಡ್ ಕ್ಯಾನಿಯನ್ ಆಯಿತು, ಇನ್ನು ಉಳಿದದ್ದು ಅಲಾಸ್ಕಾ ಕ್ರೂಸ್. ಮಂಡಿನೋವಿನ ಅಮ್ಮ ಬೆಟ್ಟ ಹತ್ತಲಾರಳು. ಹಡಗಾದರೆ ಕುರ್ಚಿಯಲ್ಲಿ ಕೂತೇ ಹಿಮನದಿ ನೋಡಬಹುದು. ಈ ಆಸೆಯನ್ನು ತಪ್ಪೆನ್ನುವ ಅಧಿಕಾರ ಯಾರಿಗೂ ಇಲ್ಲ. ಇಡೀ ಜನ್ಮ ಮಕ್ಕಳಿಗಾಗಿ ದುಡಿದ ಜೀವ ಒಮ್ಮೆ ಆ ನೀಲಿ ಮಂಜನ್ನು ಕಣ್ತುಂಬ ನೋಡಲಿ. ನನ್ನ ತಕರಾರು ಬೇರೆ. ಬುಕಿಂಗ್ ಮಾಡುವಾಗ ಸಸ್ಯಾಹಾರ ಸಿಗುತ್ತದೆಯೇ, ಗಾಲಿಕುರ್ಚಿ ಕೊಡುತ್ತಾರೆಯೇ, ಯಾವ ಕಡೆಯ ಕ್ಯಾಬಿನ್‌ನಿಂದ ಹಿಮನದಿ ಚೆನ್ನಾಗಿ ಕಾಣುತ್ತದೆ ಎಂದೆಲ್ಲ ವಿಚಾರಿಸುತ್ತೇವೆ. ಆ ಹಡಗು ತನ್ನ ಕೊಳೆ ನೀರನ್ನು ಎಲ್ಲಿ ಬಿಡುತ್ತದೆ ಎಂದು ಮಾತ್ರ ಕೇಳುವುದಿಲ್ಲ.

ಕೇಳಲೇಬೇಕು. ಈ ಉದ್ಯಮದ ಚರಿತ್ರೆ ಹಾಗಿದೆ. 1999ರಲ್ಲಿ ರಾಯಲ್ ಕೆರಿಬಿಯನ್ ಕಂಪನಿ ಅಮೆರಿಕದ ನ್ಯಾಯಾಲಯಗಳಲ್ಲಿ 21 ಅಪರಾಧಗಳನ್ನು ಒಪ್ಪಿಕೊಂಡು 1.8 ಕೋಟಿ ಡಾಲರ್ ದಂಡ ಕಟ್ಟಿತು. ಎಣ್ಣೆ ಬೆರೆತ ನೀರನ್ನೂ ಬಟ್ಟೆ ಒಗೆಯುವ, ಫೋಟೊ ತೊಳೆಯುವ ರಾಸಾಯನಿಕಗಳನ್ನೂ ಸಮುದ್ರಕ್ಕೆ ಸುರಿದ ಆರೋಪಗಳವು. ಸುರಿದ ಜಾಗಗಳಲ್ಲಿ ಅಲಾಸ್ಕಾದ ಒಳಜಲಮಾರ್ಗವೂ ಒಂದು. 2016ರಲ್ಲಿ ಪ್ರಿನ್ಸೆಸ್ ಕಂಪನಿಯ ಸರದಿ, ದಂಡ 4 ಕೋಟಿ ಡಾಲರ್. ಅದರ ಹಡಗೊಂದರಲ್ಲಿ ಶುದ್ಧೀಕರಣ ಯಂತ್ರವನ್ನು ತಪ್ಪಿಸಿ ಎಣ್ಣೆ ನೀರನ್ನು ನೇರ ಕಡಲಿಗೆ ಬಿಡುವ ಕಳ್ಳ ಕೊಳವೆ ಜೋಡಿಸಿದ್ದರು. ಅದನ್ನು ಕಂಡ ಹೊಸ ಎಂಜಿನಿಯರೊಬ್ಬ ಇಂಗ್ಲೆಂಡಿನ ಬಂದರು ಸಿಕ್ಕಿದ್ದೇ ಕೆಲಸ ಬಿಟ್ಟು ಇಳಿದು ದೂರು ಕೊಟ್ಟ. ಒಬ್ಬನೇ ಒಬ್ಬನ ಅಂತಃಸಾಕ್ಷಿಯಿಂದ ಇಡೀ ಪ್ರಕರಣ ಬಯಲಾಯಿತು. ಪ್ರಿನ್ಸೆಸ್‌ನ ಮಾತೃಸಂಸ್ಥೆ ಕಾರ್ನಿವಲ್ ಐದು ವರ್ಷ ನ್ಯಾಯಾಲಯದ ನಿಗಾದಲ್ಲಿರಬೇಕಾಯಿತು. ಆ ನಿಗಾದ ಷರತ್ತುಗಳನ್ನೂ ಮುರಿದು 2019ರಲ್ಲಿ ಮತ್ತೆ 2 ಕೋಟಿ ಡಾಲರ್ ತೆತ್ತಿತು.

ಅಲಾಸ್ಕಾದ ಮತದಾರರು 2006ರಲ್ಲಿ ಒಂದು ದಿಟ್ಟ ಕೆಲಸ ಮಾಡಿದ್ದರು. ಹಡಗುಗಳ ಮೇಲೆಯೇ ಸ್ವತಂತ್ರ ಎಂಜಿನಿಯರ್ ಒಬ್ಬರು ಇದ್ದು ಕೊಳೆ ನೀರಿನ ಮೇಲೆ ಕಣ್ಣಿಡಬೇಕೆಂದು ಮತ ಹಾಕಿ ಕಾನೂನು ಮಾಡಿಸಿದರು. ಓಷನ್ ರೇಂಜರ್ ಎಂದು ಅವರಿಗೆ ಹೆಸರು. ಅದರ ಖರ್ಚು ಪ್ರಯಾಣಿಕರ ಲೆಕ್ಕದಿಂದಲೇ ಹೋಗುತ್ತಿತ್ತು, ಖಜಾನೆಗೆ ಹೊರೆಯಿರಲಿಲ್ಲ. 2019ರಲ್ಲಿ ರಾಜ್ಯಪಾಲರು ಆ ಹಣಕ್ಕೆ ಕತ್ತರಿ ಹಾಕಿದರು. ಕಾವಲುಗಾರರು ಹಡಗಿನಿಂದ ಇಳಿದರು.

ಇನ್ನೊಂದು ಹೊಲಸು ಕಣ್ಣಿಗೆ ಬೀಳುವುದೇ ಇಲ್ಲ. ಅಗ್ಗದ ಭಾರಿ ಎಣ್ಣೆ ಉರಿಸಿದರೆ ಹೊಗೆಯಲ್ಲಿ ಗಂಧಕ ಹೆಚ್ಚು. ಅದನ್ನು ತಡೆಯಲು ಅನೇಕ ಹಡಗುಗಳು ಹೊಗೆಕೊಳವೆಯಲ್ಲಿ ಸ್ಕ್ರಬ್ಬರ್ ಇಟ್ಟುಕೊಂಡಿವೆ. ಸಮುದ್ರದ ನೀರನ್ನು ಎತ್ತಿ ಹೊಗೆಯನ್ನು ತೊಳೆಯುತ್ತವೆ. ತೊಳೆದ ನೀರು ಆಮ್ಲ, ಲೋಹ, ಮಸಿಯ ವಿಷಗಳನ್ನು ಹೊತ್ತುಕೊಂಡು ಮರಳಿ ಸಮುದ್ರಕ್ಕೇ ಹೋಗುತ್ತದೆ. ಗಾಳಿಗೆ ಹೋಗಬೇಕಿದ್ದದ್ದು ನೀರಿಗೆ ಹೋಯಿತು, ಅಷ್ಟೆ. ಮೇಲಿನ ಆಕಾಶ ಶುಭ್ರವಾಗಿ ಕಾಣುವುದರಿಂದ ಪ್ರಯಾಣಿಕರಿಗೆ ಅನುಮಾನವೂ ಬರುವುದಿಲ್ಲ. ದುಬಾರಿಯಾದರೂ ಶುದ್ಧ ಎಣ್ಣೆ ಉರಿಸಿದರೆ ಈ ತೊಳೆಯುವ ಕೆಲಸವೇ ಬೇಡ. ಆ ವ್ಯತ್ಯಾಸದ ಹಣ ಉಳಿಸಲು ಹೆರಿಂಗ್, ಸಾಲ್ಮನ್ ಮೀನುಗಳ ನೀರನ್ನು ಕೆಡಿಸುವುದು ಅನ್ಯಾಯ. ನಾನು ಇದನ್ನು ಬೇರೆ ಯಾವ ಮೆದು ಮಾತಿನಲ್ಲೂ ಹೇಳಲಾರೆ.

ಆ ಹೆರಿಂಗ್ ಮೀನನ್ನು ನಂಬಿ ಬರುವುದು ಹಂಪ್‌ಬ್ಯಾಕ್ ತಿಮಿಂಗಿಲ. ಚಳಿಗಾಲವನ್ನು ಅದು ಹವಾಯಿಯ ಬೆಚ್ಚನೆಯ ನೀರಿನಲ್ಲಿ ಕಳೆಯುತ್ತದೆ. ಅಲ್ಲಿ ಮರಿ ಹಾಕುತ್ತದೆ, ಹಾಲೂಡುತ್ತದೆ, ತಾನು ಮಾತ್ರ ಹೆಚ್ಚುಕಡಿಮೆ ಉಪವಾಸವಿರುತ್ತದೆ. ವರ್ಷದ ಊಟವನ್ನೆಲ್ಲ ಅಲಾಸ್ಕಾದ ಈ ನಾಲ್ಕೈದು ತಿಂಗಳಲ್ಲೇ ಮುಗಿಸಬೇಕು. ಅವು ಒಟ್ಟಾಗಿ ಮೀನು ಹಿಡಿಯುವ ರೀತಿಯನ್ನು ಕಂಡವರು ಮರೆಯಲಾರರು. ಒಂದು ತಿಮಿಂಗಿಲ ಮೀನಿನ ಹಿಂಡಿನ ಕೆಳಗೆ ಸುತ್ತುತ್ತ ಉಸಿರು ಬಿಟ್ಟು ಗುಳ್ಳೆಗಳ ಬೇಲಿ ಕಟ್ಟುತ್ತದೆ. ಇನ್ನೊಂದು ಕೂಗು ಹಾಕುತ್ತದೆ. ಬೆದರಿದ ಮೀನುಗಳು ನಡುವೆ ಗುಂಪಾಗುತ್ತಿದ್ದಂತೆ ಎಲ್ಲವೂ ಬಾಯಿ ತೆರೆದು ಒಮ್ಮೆಲೇ ಮೇಲೇಳುತ್ತವೆ. ಕೂಗಿ ಕರೆದು, ಕಿವಿಗೊಟ್ಟು ಮಾಡುವ ಈ ಕೆಲಸದ ನಡುವೆ ಎಂಜಿನ್‌ಗಳ ಗದ್ದಲ ನುಗ್ಗುತ್ತದೆ. ನಾಗರಹೊಳೆಯಲ್ಲಿ ಒಂದು ಹುಲಿ ಕಂಡರೆ ವೈರ್‌ಲೆಸ್‌ನಲ್ಲಿ ಸುದ್ದಿ ಹಬ್ಬಿ ಜೀಪುಗಳೆಲ್ಲ ಮುತ್ತಿಕೊಳ್ಳುವುದನ್ನು ನೋಡಿದವರಿಗೆ ಜೂನೋ ಪಟ್ಟಣದ ಆಚೆ ಒಂದು ತಿಮಿಂಗಿಲದ ಸುತ್ತ ದೋಣಿಗಳು ಸೇರುವುದು ಹೊಸದೆನಿಸದು. ಅಲ್ಲಿ ಕಾನೂನು ಹೇಳುವುದು ಕನಿಷ್ಠ 100 ಗಜ ದೂರ. "ಇನ್ನಷ್ಟು ಹತ್ತಿರ ಹೋಗೋಣ" ಎಂದು ಚಾಲಕನನ್ನು ಪೀಡಿಸುವವರು ಪ್ರವಾಸಿಗಳೇ.

ಗ್ಲೇಸಿಯರ್ ಬೇಗೆ ವರ್ಷ ವರ್ಷವೂ ಬರುತ್ತಿದ್ದ ಒಂದು ಹೆಣ್ಣು ತಿಮಿಂಗಿಲಕ್ಕೆ ಸಂಶೋಧಕರು ಸ್ನೋ ಎಂದು ಹೆಸರಿಟ್ಟಿದ್ದರು. 1975ರಿಂದ ಅದರ ಗುರುತಿತ್ತು. 2001ರ ಜುಲೈಯಲ್ಲಿ ಅದರ ಹೆಣ ತೇಲಿತು. ಹಡಗಿನ ಪೆಟ್ಟಿಗೆ ತಲೆಬುರುಡೆ ಒಡೆದಿತ್ತು, ಹೊಟ್ಟೆಯಲ್ಲಿ ಮರಿಯಿತ್ತು. ತಿಮಿಂಗಿಲಗಳ ಸಮೀಪ ವೇಗ ತಗ್ಗಿಸದ ತಪ್ಪನ್ನು ಆ ಹಡಗಿನ ಕ್ರೂಸ್ ಕಂಪನಿ 2007ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡು 7.5 ಲಕ್ಷ ಡಾಲರ್ ಕಟ್ಟಿತು. ಸುಮಾರು 45 ಅಡಿ ಉದ್ದದ ಅದರ ಅಸ್ಥಿಪಂಜರ ಈಗ ಉದ್ಯಾನದ ಬಾರ್ಟ್‌ಲೆಟ್ ಕೋವ್‌ನಲ್ಲಿದೆ. 2014ರಿಂದ 2016ರವರೆಗೆ ಪೆಸಿಫಿಕ್‌ನ ನೀರು ಅಸಹಜವಾಗಿ ಕಾದು ಆಹಾರ ಕಡಿಮೆಯಾದಾಗ ಈ ತಿಮಿಂಗಿಲಗಳು ಸಾವಿರಾರು ಸಂಖ್ಯೆಯಲ್ಲಿ ಕಣ್ಮರೆಯಾದವು. ಹಾಗಿರುವಾಗ ಅವುಗಳ ಒಂದೊಂದು ತುತ್ತಿಗೂ ಬೆಲೆಯಿದೆ.

ಕ್ರೂಸ್ ಜಾಹೀರಾತುಗಳು ಈ ಕರಾವಳಿಯನ್ನೆಲ್ಲ ಜನರಿಲ್ಲದ ಕಾಡು ಎಂದು ತೋರಿಸುತ್ತವೆ. ಅಲ್ಲಿ ಜನರಿದ್ದರು, ಇದ್ದಾರೆ. ಗ್ಲೇಸಿಯರ್ ಬೇ ಹುನಾ ಟ್ಲಿಂಗಿಟ್ ಜನರ ತವರು. ಹದಿನೆಂಟನೇ ಶತಮಾನದಲ್ಲಿ ಹಿಮನದಿ ಮುನ್ನುಗ್ಗಿ ಬಂದು ಅವರ ಹಳ್ಳಿಗಳನ್ನು ಎಬ್ಬಿಸಿತು. ಮಂಜು ಹಿಂದೆ ಸರಿದ ಮೇಲೆ ಅವರು ಮರಳಿ ಬರತೊಡಗಿದರು. ಆದರೆ ಮುಂದೆ ಆ ನೆಲ ಸರ್ಕಾರದ ಉದ್ಯಾನವಾಯಿತು. ಅಜ್ಜಿಯರು ಮೊಮ್ಮಕ್ಕಳನ್ನು ಕಟ್ಟಿಕೊಂಡು ಕಡಲಹಕ್ಕಿಯ ಮೊಟ್ಟೆ ಆರಿಸಲು ಹೋಗುವುದು ಅವರಲ್ಲಿ ತಲೆಮಾರುಗಳ ಪದ್ಧತಿ. ಗೂಡಿನಲ್ಲಿ ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಎಂಬ ನಿಯಮ ಅವರದೇ ಇತ್ತು. ಆ ಮೊಟ್ಟೆ ಮುಟ್ಟುವುದು ದಶಕಗಳ ಕಾಲ ಅಪರಾಧವಾಗಿತ್ತು. ಅವರಿಗೆ ಮತ್ತೆ ಅವಕಾಶ ಕೊಡುವ ಕಾನೂನು ಬರಲು 2014 ಆಗಬೇಕಾಯಿತು. ಆ ದಶಕಗಳಲ್ಲೇ ಕ್ರೂಸ್ ಹಡಗುಗಳು ಅದೇ ನೀರಿಗೆ ಸಾವಿರಾರು ಜನರನ್ನು ಹೊತ್ತು ಬರುತ್ತಿದ್ದವು. 2016ರಲ್ಲಿ ಬಾರ್ಟ್‌ಲೆಟ್ ಕೋವ್‌ನಲ್ಲಿ ಅವರ ಪೂರ್ವಜರ ಹೆಸರಿನ ಮನೆ ಎದ್ದಿದೆ. ದೊಡ್ಡ ಹಡಗಿನವರು ಆ ಉದ್ಯಾನದಲ್ಲಿ ಎಲ್ಲೂ ಇಳಿಯುವುದಿಲ್ಲವಾದ್ದರಿಂದ ಅದನ್ನು ಕಾಣುವುದೇ ಇಲ್ಲ.

ಜೂನೋ ಅಲಾಸ್ಕಾದ ರಾಜಧಾನಿ. ಊರಿನ ಜನಸಂಖ್ಯೆ ಸುಮಾರು 32 ಸಾವಿರ. 2023ರ ಒಂದೇ ಹಂಗಾಮಿನಲ್ಲಿ ಅಲ್ಲಿ ಬಂದಿಳಿದವರು 16 ಲಕ್ಷಕ್ಕೂ ಹೆಚ್ಚು. 2024ರಿಂದ ದಿನಕ್ಕೆ ಐದು ದೊಡ್ಡ ಹಡಗು ಎಂಬ ಮಿತಿ ಬಂದಿದೆ. ಶನಿವಾರವಾದರೂ ಹಡಗು ಬೇಡ ಎಂಬ ಪ್ರಸ್ತಾಪ ಆ ವರ್ಷದ ಅಕ್ಟೋಬರ್‌ನಲ್ಲಿ ಮತಕ್ಕೆ ಬಂದು ಸೋತಿತು. 2025ರಲ್ಲಿ ಸಿಟ್ಕಾ ಊರಿನಲ್ಲೂ ಮಿತಿ ಹಾಕುವ ಪ್ರಸ್ತಾಪ ಬಿದ್ದುಹೋಯಿತು. ಇದರಲ್ಲಿ ಅಚ್ಚರಿಯಿಲ್ಲ. ಅಲ್ಲಿನವರ ಅಂಗಡಿ, ದೋಣಿ, ಬಸ್ಸು ಎಲ್ಲವೂ ಆ ಐದಾರು ತಿಂಗಳ ದುಡಿಮೆಯ ಮೇಲೆ ನಿಂತಿವೆ. ಹೊಟ್ಟೆಪಾಡಿನ ಎದುರು ಮತ ಹಾಕಿ ಎಂದು ಅವರಿಗೆ ಹೇಳಲು ನಾವು ಯಾರು? ಆದ್ದರಿಂದಲೇ ಹೊಣೆ ಹಣ ಕೊಡುವವರ ಮೇಲೆ ಹೆಚ್ಚು ಬೀಳುತ್ತದೆ. ನಮ್ಮ ಊಟ ಇದರ ಮೇಲೆ ನಿಂತಿಲ್ಲ.

ಹಡಗಿನ ಒಳಗೂ ನೋಡಿ. ಊಟದ ಮೇಜಿನ ಹತ್ತಿರ ನಿಂತ ಹುಡುಗ ಉಡುಪಿಯವನಿರಬಹುದು, ಮಂಗಳೂರಿನವನಿರಬಹುದು. ಮಗ ಹಡಗಿಗೆ ಹೋಗಿದ್ದಾನೆ ಎಂಬ ಮಾತು ಕರಾವಳಿಯ ಎಷ್ಟೋ ಮನೆಗಳಲ್ಲಿ ಕೇಳಿಸುತ್ತದೆ. ಬಹಾಮಾಸ್, ಪನಾಮಾಗಳ ಬಾವುಟ ಹೊತ್ತ ಹಡಗುಗಳಲ್ಲಿ ಇಂಥವರು ತಿಂಗಳುಗಟ್ಟಲೆ ವಾರದ ರಜೆಯಿಲ್ಲದೆ ದುಡಿಯುತ್ತಾರೆ. ವಾರಕ್ಕೆ 72 ಗಂಟೆಯವರೆಗೆ ದುಡಿಸಲು ಅಂತರರಾಷ್ಟ್ರೀಯ ನಿಯಮವೇ ಒಪ್ಪುತ್ತದೆ. ಕೊನೆಯ ದಿನ ಕೌಂಟರಿಗೆ ಹೋಗಿ ಬಿಲ್ಲಿನಿಂದ ಇವರ ಟಿಪ್ಸ್ ತೆಗೆಸಿಹಾಕುವ ಪ್ರಯಾಣಿಕರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನಾನೊಬ್ಬ ಬಿಟ್ಟರೆ ಹಡಗು ನಿಲ್ಲುತ್ತದೆಯೇ ಎಂದು ಕೇಳುವವರಿಗೆ ನನ್ನ ಉತ್ತರ: ನಿಲ್ಲುವುದಿಲ್ಲ. ಆದರೆ ಕಂಪನಿ ಗಿರಾಕಿಯ ಪ್ರಶ್ನೆಗೆ ಹೆದರುವಷ್ಟು ದಂಡಕ್ಕೆ ಹೆದರಿಲ್ಲ. ಇಪ್ಪತ್ತು ವರ್ಷಗಳ ದಂಡದ ಕಥೆ ಅದನ್ನೇ ಹೇಳುತ್ತದೆ.

ಹಾಗಾಗಿ ಬುಕಿಂಗ್‌ಗೆ ಮುನ್ನ ಕಂಪನಿಗೂ ಬೆಂಗಳೂರಿನ ಟ್ರಾವೆಲ್ ಏಜೆಂಟರಿಗೂ ಬರವಣಿಗೆಯಲ್ಲಿ ಕೇಳಿ. ಈ ಹಡಗು ಅಲಾಸ್ಕಾದ ನೀರಿನಲ್ಲಿ ಯಾವ ಎಣ್ಣೆ ಉರಿಸುತ್ತದೆ? ಸ್ಕ್ರಬ್ಬರಿನ ನೀರನ್ನು ಎಲ್ಲಿ ಬಿಡುತ್ತದೆ? ಸ್ನಾನದ, ಅಡುಗೆಮನೆಯ, ಶೌಚದ ನೀರನ್ನು ಎಲ್ಲಿ, ಎಷ್ಟು ಶುದ್ಧ ಮಾಡಿ ಬಿಡುತ್ತದೆ? ಸೀಲ್‌ಗಳಿಂದ 500 ಮೀಟರ್ ದೂರ ನಿಲ್ಲಲು ಕಪ್ತಾನನಿಗೆ ಆದೇಶವಿದೆಯೇ? ಕನ್ನಡ ಸಂಘದ ಸಮ್ಮೇಳನಕ್ಕೆಂದೋ ಗೆಳೆಯರೆಲ್ಲ ಸೇರಿಯೋ ಗುಂಪಿನಲ್ಲಿ ಬುಕ್ ಮಾಡುವವರಾದರೆ ಗುಂಪಿನ ಹೆಸರಿನಲ್ಲೇ ಕೇಳಿ, ಆ ದನಿಗೆ ತೂಕ ಹೆಚ್ಚು. ಸರಿಯಾದ ಉತ್ತರ ಬರದಿದ್ದರೆ ಹಣ ಕೊಡಬೇಡಿ. ಅಲಾಸ್ಕಾ ನೋಡಲು ಬೇರೆ ದಾರಿಯಿದೆ. 1963ರಿಂದ ಓಡುತ್ತಿರುವ ರಾಜ್ಯ ಸರ್ಕಾರದ ಫೆರ್ರಿಗಳು ಅದೇ ಊರುಗಳಿಗೆ, ಅದೇ ಬೆಟ್ಟಗಳ ನಡುವೆ ಹೋಗುತ್ತವೆ. ಹಲವು ಫೆರ್ರಿಗಳಲ್ಲಿ ಹಿರಿಯರು ಮಲಗಲು ಕ್ಯಾಬಿನ್ನೂ ಇದೆ. ದಡಕ್ಕಿಳಿದಾಗ ಸಾಧ್ಯವಾದಷ್ಟೂ ಮೂಲನಿವಾಸಿಗಳೇ ನಡೆಸುವ ಕಡೆ ಹೋಗಿ. ಹೂನಾ ಊರಿನ ಐಸಿ ಸ್ಟ್ರೇಟ್ ಪಾಯಿಂಟ್ ಅಂಥದು. ಕರಕುಶಲ ವಸ್ತು ಕೊಳ್ಳುವಾಗ ಅದು ಮೂಲನಿವಾಸಿಗಳದ್ದೇ ಕೈಕೆಲಸ ಎನ್ನುವ ಸಿಲ್ವರ್ ಹ್ಯಾಂಡ್ ಎಂಬ ಸರ್ಕಾರಿ ಮುದ್ರೆಯನ್ನು ಹುಡುಕಿ. ಫಿಲಿಪ್ಪೀನ್ಸ್‌ನಲ್ಲಿ ಕೆತ್ತಿಸಿದ ಟೋಟೆಮ್ ಕಂಬಗಳನ್ನು ಅಲಾಸ್ಕಾದ ಮೂಲನಿವಾಸಿಗಳದ್ದೆಂದು ಕೆಚಿಕನ್ ಊರಿನಲ್ಲಿ ಮಾರಿದವರಲ್ಲಿ ಒಬ್ಬನಿಗೆ 2023ರಲ್ಲಿ ಜೈಲಾಗಿದೆ.

ತಿಮಿಂಗಿಲ ನೋಡಲು ದೋಣಿ ಹತ್ತಿದಾಗ ಚಾಲಕನಿಗೆ ಮೊದಲೇ ಹೇಳಿಬಿಡಿ: ದೂರದಿಂದ ಕಂಡರೆ ಸಾಕು, ಅದನ್ನು ಅಟ್ಟಿಸಿಕೊಂಡು ಹೋಗುವುದು ಬೇಡ, ಅದಕ್ಕಾಗಿ ನಿನ್ನ ಟಿಪ್ಸ್ ಕಡಿಮೆಯಾಗುವುದಿಲ್ಲ. ಈ ಮಾತನ್ನು ಪ್ರವಾಸಿಯ ಬಾಯಿಂದ ಕೇಳುವುದು ಆ ಚಾಲಕನಿಗೂ ಬೇಕಾಗಿದೆ.

ಮುಂದಿನ ಹಂಗಾಮಿನ ಟಿಕೆಟ್‌ಗಳು ತಿಂಗಳುಗಳ ಮೊದಲೇ ಮಾರಾಟವಾಗುತ್ತವೆ. ಮನೆಯಲ್ಲಿ ಅಲಾಸ್ಕಾದ ಮಾತು ನಡೆದಿದ್ದರೆ ಆ ಪ್ರಶ್ನೆಗಳ ಪತ್ರವನ್ನು ಈ ವಾರವೇ ಬರೆಯಿರಿ.