ಅಂದಾಜು ಎಂದರೆ ಎಷ್ಟು?



ಹಿಂದಿನ ಸಂಚಿಕೆಯಲ್ಲಿ ಹಲಸಿನ ಹಪ್ಪಳದ ವಿಷಯ ಬರೆದಿದ್ದೆ. ಈ ಸಲ ನನ್ನದೇ ಒಂದು ತಪ್ಪಿನ ಕತೆ.

ನಮ್ಮ ಮಗಳು ಜರ್ಮನಿಯ ಆಖೆನ್ ಪಟ್ಟಣದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಭೈರುಂಬೆಯಲ್ಲಿದ್ದಾಗ ಅವಳು ಒಲೆಯ ಹತ್ತಿರ ಬಂದರೆ ಸಾಕು, “ಓದಲೆ ಹೋಗೇ ಕೂಸೇ” ಎಂದು ಓಡಿಸುತ್ತಿದ್ದವಳು ನಾನೇ. ನನ್ನ ಓದು ಎಸ್.ಎಸ್.ಎಲ್.ಸಿ.ಗೇ ನಿಂತಿತ್ತು, ಅವಳಾದರೂ ಓದಲಿ ಎಂಬ ಆಸೆ.

ಹೊರಡುವಾಗ ಪೆಟ್ಟಿಗೆ ತುಂಬಿದ್ದೇ ತುಂಬಿದ್ದು. ಆದರೆ ಅಲ್ಲಿಗೆ ಹೊರಗಿನಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಅತ್ತೆಯವರು ಕಾಯಿಸಿಟ್ಟ ತುಪ್ಪ ಇಲ್ಲೇ ಉಳಿಯಿತು. ಹಸಿ ಕರಿಬೇವಿಗೂ ಸರ್ಟಿಫಿಕೇಟು ಬೇಕಂತೆ. ಮಿಡಿ ಉಪ್ಪಿನಕಾಯಿ, ಇಂಗು, ಸಾರಿನ ಪುಡಿ ಹೋದವು.

“ಊಟ ಆತನೇ?” ಎಂದರೆ ದಿನವೂ “ಆತು ಆಯಿ” ಎನ್ನುತ್ತಿದ್ದಳು. ಚಳಿಗಾಲದ ಒಂದು ದಿನ ವಿಡಿಯೋದಲ್ಲಿ ಮುಖ ಇಳಿದಿತ್ತು. ಒತ್ತಿ ಕೇಳಿದಾಗ ಬಾಯಿಬಿಟ್ಟಳು. ಹಾಸ್ಟೆಲಿನಲ್ಲಿ ಹತ್ತು ಮಂದಿಗೆ ಒಂದೇ ಅಡಿಗೆಮನೆ. ಅವಳ ಇಂಗಿನ ಒಗ್ಗರಣೆಗೆ ಯಾರೋ ಮೂಗು ಮುಚ್ಚಿಕೊಂಡರಂತೆ. ಅಂದಿನಿಂದ ಒಂದು ತಿಂಗಳು ಬರೀ ಬ್ರೆಡ್ಡು! ಆ ರಾತ್ರಿ ನಮಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನವೇ ಪಾಠ ಸುರು. ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ ನಾಲ್ಕೂವರೆ ತಾಸು ಹಿಂದೆ. ನಾನು ರಾತ್ರಿ ಪಾತ್ರೆ ತೊಳೆದು ಕೂತಾಗ ಅವಳಿಗೆ ಸಂಜೆ.

“ಎಷ್ಟು ಹಾಕವು ಆಯಿ?”

“ಅಂದಾಜಿಗೆ ಹಾಕು.”

“ಅಂದಾಜು ಅಂದ್ರೆ ಎಷ್ಟು?”

ಇಪ್ಪತ್ತೈದು ವರ್ಷ ಅಡಿಗೆ ಮಾಡಿದ ನನಗೆ ಉತ್ತರ ಬರಲಿಲ್ಲ! ನಾನು ಅತ್ತೆಯವರ ಕೈ ನೋಡಿ ಕಲಿತವಳು. ಅವಳು ಯಾರ ಕೈ ನೋಡಬೇಕು? ಚಮಚ, ಲೋಟ ಇಟ್ಟುಕೊಂಡು ಒಂದೊಂದನ್ನೂ ಅಳೆದು ಬರೆದೆ.

ಮೊದಲು ತಂಬುಳಿ, ಯಾಕೆಂದರೆ ಅದಕ್ಕೆ ಒಗ್ಗರಣೆ ಇಲ್ಲದಿದ್ದರೂ ನಡೆಯುತ್ತದೆ. ಒಂದೆಲಗದ ಬದಲು 1 ಲೋಟ ಪಾಲಕ, ಅರ್ಧ ಚಮಚ ಜೀರಿಗೆ, 4 ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ ಆರಿಸಬೇಕು. ಸಕ್ಕರೆ ಹಾಕದ ಒಣ ಕಾಯಿತುರಿ 4 ಚಮಚ ಬಿಸಿನೀರಲ್ಲಿ ನೆನೆಸಿ, ಜೊತೆಗೆ ರುಬ್ಬಿ, 1 ಲೋಟ ಮೊಸರು, ಉಪ್ಪು ಸೇರಿಸುವುದು. ತುಪ್ಪಕ್ಕೆ ಉಪ್ಪಿಲ್ಲದ ಬೆಣ್ಣೆ ತಂದು ಸಣ್ಣ ಉರಿಯಲ್ಲಿ ಕಾಯಿಸಿದರಾಯಿತು.

ವಸಂತದಲ್ಲಿ ಅವಳೇ ನನಗೊಂದು ಪಾಠ ಹೇಳಿದಳು. ಅಲ್ಲಿ ರುಬಾರ್ಬ್ ಎಂಬ ಕೆಂಪು ಹುಳಿ ದಂಟು ಸಿಗುತ್ತದೆ. ಜೂನ್ 24ರ ನಂತರ ಕೀಳಬಾರದೆಂದು ಅಲ್ಲಿಯ ಪದ್ಧತಿ. ಅದರಿಂದ ಅಪ್ಪೆಹುಳಿ ಮಾಡಿದ್ದಳು!

ರುಬಾರ್ಬ್ ಅಪ್ಪೆಹುಳಿ

ಬೇಕಾಗುವ ಸಾಮಾನು: ದಂಟು 2, ನೀರು 4 ಲೋಟ, ಹಸಿಮೆಣಸು 1, ಬೆಲ್ಲ 1 ಚಮಚ, ಉಪ್ಪು ಒಂದೂವರೆ ಚಮಚ. ಒಗ್ಗರಣೆಗೆ ಎಣ್ಣೆ 2 ಚಮಚ, ಸಾಸಿವೆ ಅರ್ಧ ಚಮಚ, ಒಣಮೆಣಸು 1, ಕಡಲೆ ಗಾತ್ರದ ಇಂಗು.

ಮಾಡುವ ವಿಧಾನ: ಎಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಿ; ರುಬಾರ್ಬ್ ಎಲೆ ವಿಷ. ದಂಟನ್ನು ಹೆಚ್ಚಿ 1 ಲೋಟ ನೀರಲ್ಲಿ ಹತ್ತು ನಿಮಿಷ ಬೇಯಿಸಿ, ಆರಿದ ಮೇಲೆ ಕಿವುಚಿ. ಉಳಿದ ನೀರು, ಉಪ್ಪು, ಬೆಲ್ಲ, ಸೀಳಿದ ಹಸಿಮೆಣಸು ಹಾಕಿ ಒಗ್ಗರಣೆ ಕೊಡಿ. ಒಗ್ಗರಣೆಗೆ ಕೂಡಲೇ ಮುಚ್ಚಳ ಮುಚ್ಚಿದರೆ ವಾಸನೆ ಕಡಿಮೆ.

ನಮ್ಮ ಮಾವಿನ ಪರಿಮಳ ಅದಕ್ಕೆಲ್ಲಿಂದ ಬರಬೇಕು? ಆದರೂ ಎರಡು ಲೋಟ ಕುಡಿದು, ನಮ್ಮೂರಿನವರಂತೆ ಮಧ್ಯಾಹ್ನ ಗಡದ್ದಾಗಿ ನಿದ್ದೆ ಹೊಡೆದಳಂತೆ. ಅಡಿಗೆಮನೆಯಲ್ಲಿ ಈಗಲೂ ಯಾರೋ ಎದ್ದು ಕಿಟಕಿ ತೆರೆಯುತ್ತಾರಂತೆ. ತೆರೆಯಲಿ ಬಿಡಿ!

ಸೋದರಿಯರೇ, ಓದುವ ಮಕ್ಕಳನ್ನು ಅಡಿಗೆಮನೆಯಿಂದ ಓಡಿಸಬೇಡಿ. ನಾನಂತೂ ಈಗ ಮಗನ ಕೈಗೂ ಭಾನುವಾರ ಸೌಟು ಕೊಟ್ಟಿದ್ದೇನೆ. ನಿಮ್ಮ ಮನೆಯ ಅಂದಾಜುಗಳನ್ನೂ ಅಳೆದು ಬರೆದಿಡಿ; ನನಗೂ ಒಂದೆರಡು ಕಳಿಸುತ್ತೀರಲ್ಲವೇ?