ಹೆಸರಿಲ್ಲದ ಹುಳುವಿನ ಪರವಾಗಿ ಒಂದು ವಕಾಲತ್ತು

2024ರ ಜನವರಿ 9ರಂದು ನಾರ್ವೆಯ ಸಂಸತ್ತು ಆರ್ಕ್ಟಿಕ್ ಕಡಲಿನಲ್ಲಿ ಸುಮಾರು 2,81,000 ಚದರ ಕಿಲೋಮೀಟರ್ ಪ್ರದೇಶವನ್ನು ಖನಿಜ ಶೋಧಕ್ಕೆ ತೆರೆಯಿತು. ಇದು ಇಡೀ ಕರ್ನಾಟಕದ ಸುಮಾರು ಒಂದೂವರೆ ಪಟ್ಟು ವಿಸ್ತೀರ್ಣ. ಹಸಿರು ಇಂಧನಕ್ಕೆ ತಾಮ್ರ ಬೇಕು, ಕೋಬಾಲ್ಟ್ ಬೇಕು ಎಂಬುದು ಅದಕ್ಕೆ ನೀಡಲಾದ ಸಮರ್ಥನೆ. ಪರಿಣಾಮ ವರದಿಯು ಕಾನೂನಿನ ಅಗತ್ಯವನ್ನು ಪೂರೈಸುವುದಿಲ್ಲವೆಂದು ಆ ದೇಶದ ಸರ್ಕಾರಿ ಪರಿಸರ ಸಂಸ್ಥೆಯೇ ಒಂದು ವರ್ಷ ಮೊದಲು, 2023ರಲ್ಲಿ, ಎಚ್ಚರಿಸಿತ್ತು. ಕಡಲತಳದಲ್ಲಿ ಏನಿದೆ ಎಂಬುದನ್ನೇ ಅರಿಯದವರು ಏನು ನಾಶವಾಗುತ್ತದೆ ಎಂದು ಬರೆಯುವುದಾದರೂ ಹೇಗೆ?

ಅಲ್ಲಿರುವ ಕಣ್ಣಿಗೆ ಕಾಣುವ ಜೀವಿಗಳಲ್ಲಿ ಹುಳುಗಳದೇ ಮೇಲುಗೈ. ಹೊಲದ ಎರೆಹುಳುವಿಗೂ ಮಳೆಗಾಲದಲ್ಲಿ ಕಾಲಿಗೆ ಹತ್ತುವ ಉಂಬಳಕ್ಕೂ ಇವು ನೆಂಟರು. ವಲಯವಂತಗಳೆಂಬ ಒಂದೇ ವಂಶಕ್ಕೆ ಸೇರಿದವು. ಮೈಯ ಇಕ್ಕೆಲಗಳಲ್ಲಿ ಬಿರುಗೂದಲಿನ ಗೊಂಚಲುಗಳಿರುವ ಇವನ್ನು ಪಾಲಿಕೀಟ್‌ಗಳೆನ್ನುತ್ತಾರೆ. ಈವರೆಗೆ ಹೆಸರು ಪಡೆದ ಪ್ರಭೇದಗಳು ಹನ್ನೊಂದು ಸಾವಿರಕ್ಕೂ ಮಿಗಿಲು. ಹೆಸರು ಪಡೆಯದವುಗಳ ಲೆಕ್ಕ ಯಾರಲ್ಲಿಯೂ ಇಲ್ಲ.

ಹೆಸರಿಡುವುದೆಂದರೆ ತೊಟ್ಟಿಲಶಾಸ್ತ್ರವಲ್ಲ. ಕೆಸರನ್ನು ಮೇಲೆತ್ತಿ, ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆಯಬೇಕು. ಮೇಲೆ ಬರುವಷ್ಟರಲ್ಲಿ ಹುಳು ತುಂಡಾಗಿರುತ್ತದೆ. ತಲೆ ಒಂದೆಡೆ, ಬಾಲ ಇನ್ನೊಂದೆಡೆ. ಫಾರ್ಮಲಿನ್‌ನಲ್ಲಿಟ್ಟರೆ ಆಕಾರ ಉಳಿಯುತ್ತದೆ, ಡಿಎನ್‌ಎ ಕೆಡುತ್ತದೆ. ಮದ್ಯಸಾರದಲ್ಲಿಟ್ಟರೆ ಡಿಎನ್‌ಎ ಉಳಿಯುತ್ತದೆ, ಮೈ ಸುಕ್ಕುತ್ತದೆ. ಅನಂತರ ಸೂಕ್ಷ್ಮದರ್ಶಕದಡಿ ಒಂದೊಂದೇ ಬಿರುಗೂದಲಿನ ತುದಿಯನ್ನು ನೋಡಿ, ಹಿಂದಿನವರು ಬರೆದ ವರ್ಣನೆಗಳೊಂದಿಗೆ ಹೋಲಿಸಿ, ಮೂಲ ಮಾದರಿಯನ್ನು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿ, ವಿವರಣೆ ಪ್ರಕಟಿಸಿದ ಮೇಲಷ್ಟೇ ಆ ಜೀವಿಗೆ ವಿಜ್ಞಾನದಲ್ಲಿ ಅಸ್ತಿತ್ವ. ಜೀವಿಯೊಂದು ಮೊದಲು ಸಂಗ್ರಹವಾದ ದಿನದಿಂದ ಅದಕ್ಕೆ ಹೆಸರು ಬರುವವರೆಗೆ ಸರಾಸರಿ 21 ವರ್ಷ ಹಿಡಿಯುತ್ತದೆಂದು 2012ರ ಒಂದು ಅಧ್ಯಯನ ತೋರಿಸಿದೆ. ಗಣಿ ಪರವಾನಗಿಗೆ ಅಷ್ಟು ಕಾಲ ಕಾಯುವ ಸರ್ಕಾರ ಯಾವುದು?

ವರ್ಗೀಕರಣವನ್ನು ಹಳೆಯ ಕಾಲದ ಗುಮಾಸ್ತಗಿರಿ ಎಂದು ಮೂಗು ಮುರಿಯುವವರು ವಿಶ್ವವಿದ್ಯಾಲಯಗಳಲ್ಲಿಯೂ ಇದ್ದಾರೆ. ಅಂಥವರು ಪೊಗೊನೊಫೊರಾದ ಕಥೆಯನ್ನು ಓದಬೇಕು. ಬಾಯಿಯೂ ಕರುಳೂ ಇಲ್ಲದ ದಾರದಂಥ ಹುಳುವೊಂದನ್ನು 1914ರಲ್ಲಿ ಫ್ರಾನ್ಸಿನ ಕಾಲರಿ ವರ್ಣಿಸಿದರು. ಅದು ಯಾವ ಗುಂಪಿಗೂ ಹೊಂದಲಿಲ್ಲ. ಮುಂದೆ ಅದರ ಬಂಧುಗಳಿಗೆಲ್ಲ ಪೊಗೊನೊಫೊರಾ ಎಂಬ ಪ್ರತ್ಯೇಕ ವಂಶವನ್ನೇ ಕಟ್ಟಿದರು. ದಶಕಗಳ ಕಾಲ ಎಲ್ಲರೂ ನೋಡಿದ್ದು ಅರ್ಧ ಹುಳುವನ್ನು ಮಾತ್ರ! 1960ರ ದಶಕದಲ್ಲಿ ಹಿಂಭಾಗವೂ ದೊರೆತಾಗ ಅಲ್ಲಿ ವಲಯಗಳಿದ್ದವು, ಬಿರುಗೂದಲುಗಳಿದ್ದವು. ಡಿಎನ್‌ಎ ಪರೀಕ್ಷೆಗಳು ಬಂದ ಬಳಿಕ ಆ ಇಡೀ ವಂಶ ವಲಯವಂತಗಳೊಳಗಿನ ಒಂದು ಕುಟುಂಬವಾಗಿ ಮನೆಗೆ ಮರಳಿತು. ಒಡಲೊಳಗಿನ ಬ್ಯಾಕ್ಟೀರಿಯಾಗಳಿಂದ ಆಹಾರ ಪಡೆದು ಬದುಕುವ ಜೀವಿಯ ಗುರುತು ಖಚಿತವಾಗಲು ಇಷ್ಟು ಕಾಲ ಬೇಕಾಯಿತು.

ಗಣಿಯ ಪರ ವಾದಿಸುವವರ ಬತ್ತಳಿಕೆಯಲ್ಲಿ ಒಂದು ಬಾಣ ಸದಾ ಸಿದ್ಧ: ಈ ಹುಳು ಎಲ್ಲೆಡೆ ಇದೆ, ಇಲ್ಲಿ ಸತ್ತರೆ ಅಲ್ಲಿ ಉಳಿದೀತು. ಟೆರೆಬೆಲೈಡೀಸ್ ಸ್ಟ್ರೋಮೈ ಎಂಬ ಹುಳುವನ್ನು 1835ರಲ್ಲಿ ಮೈಕೆಲ್ ಸಾರ್ಸ್ ನಾರ್ವೆಯಿಂದ ವರ್ಣಿಸಿದರು. ಅಂದಿನಿಂದ ಎಲ್ಲಿ ಅಂಥದ್ದೊಂದು ಸಿಕ್ಕರೂ ಅದೇ ಹೆಸರು. ಲೋಕವ್ಯಾಪಿ ಎಂಬ ಬಿರುದೂ ಅದಕ್ಕೆ ಬಂತು. 2018ರಲ್ಲಿ ಈಶಾನ್ಯ ಅಟ್ಲಾಂಟಿಕ್ ಮತ್ತು ಅದರ ಉತ್ತರದ ಕಡಲುಗಳ ಮಾದರಿಗಳ ಡಿಎನ್‌ಎ ನೋಡಿದಾಗ ಆ ಒಂದು ಹೆಸರಿನಡಿ 25ಕ್ಕೂ ಹೆಚ್ಚು ಪ್ರಭೇದಗಳು ಅಡಗಿದ್ದವು. ಎಲ್ಲೆಡೆ ಇದ್ದದ್ದು ಹುಳುವಲ್ಲ, ಹೆಸರು.

ಇದರ ವಿರುದ್ಧ ಸಾಕ್ಷ್ಯವನ್ನೂ ಮುಚ್ಚಿಡಬಾರದು. ಅದೇ ಆರ್ಕ್ಟಿಕ್ ವಲಯದಲ್ಲಿ, ಸುಮಾರು 2,300 ಮೀಟರ್ ಆಳದಲ್ಲಿ, 2008ರಲ್ಲಿ ಪತ್ತೆಯಾದ ‘ಲೋಕಿಯ ಕೋಟೆ’ ಎಂಬ ಬಿಸಿನೀರ ಬುಗ್ಗೆಗಳ ಪ್ರದೇಶವಿದೆ. ಅಲ್ಲಿನ ನಿಕೊಮಾಕೆ ಲೋಕಿಐ ಎಂಬ ಹುಳುವಿಗೆ ಹೆಸರು ಬಂದದ್ದು 2012ರಲ್ಲಿ. ಇದು ಮತ್ತು ಇದರ ನೆರೆಯ ಸ್ಕ್ಲೆರೊಲೈನಮ್ ಕಂಟಾರ್ಟಮ್ ಎರಡೂ ಉತ್ತರ ಧ್ರುವದ ಕಡಲಿನಿಂದ ಅಂಟಾರ್ಕ್ಟಿಕದವರೆಗೆ ಹಬ್ಬಿವೆ ಎಂದು 2018ರ ಇನ್ನೊಂದು ಅಧ್ಯಯನ ಕಂಡುಕೊಂಡಿತು. ಒಂದೆಡೆ ಒಂದು ಇಪ್ಪತ್ತೈದಾಯಿತು. ಇನ್ನೊಂದೆಡೆ ಎರಡು ಧ್ರುವಗಳಲ್ಲಿ ಇದ್ದದ್ದು ಒಂದೇ ಎಂದು ತಿಳಿಯಿತು. ಯಾವುದು ಯಾವ ಬಗೆಯದೆಂದು ಮೊದಲೇ ಊಹಿಸಲು ಯಾವ ಇಂಜಿನಿಯರನಿಗೂ ಸಾಧ್ಯವಿಲ್ಲ. ವರ್ಗೀಕರಣದ ನಿಧಾನದ ಕೆಲಸ ನಡೆಯದೆ ‘ಅಲ್ಲಿ ಉಳಿದೀತು’ ಎನ್ನುವುದು ಜೂಜು.

ಅಂಟಾರ್ಕ್ಟಿಕದ ಕಡಲಿನಲ್ಲಿ 2002 ಮತ್ತು 2005ರಲ್ಲಿ ಜರ್ಮನಿಯ ‘ಪೋಲಾರ್‌ಸ್ಟರ್ನ್’ ಹಡಗು ಆಳದ ಕೆಸರನ್ನು ಜಾಲಾಡಿತು. ಸೀಗಡಿಯ ದೂರದ ನೆಂಟರಾದ ಐಸೊಪಾಡ್‌ಗಳಲ್ಲಿಯೇ 674 ಪ್ರಭೇದಗಳು ಸಿಕ್ಕವು. ಅವುಗಳಲ್ಲಿ 585 ವಿಜ್ಞಾನಕ್ಕೆ ಹೊಸವು. ಹೊಸ ಹುಳುಗಳೂ ಹತ್ತಾರು. ಕೆಲವೇ ಕಡೆ ಬಲೆ ಎಳೆದದ್ದಕ್ಕೆ ದೊರೆತ ಫಲವಿದು. ಮೊದಲು ಅಗೆಯೋಣ, ಪಟ್ಟಿಯನ್ನು ಆಮೇಲೆ ಮಾಡೋಣ ಎನ್ನುವವರದು ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕುವ ಜಾಣತನ.

ನಾರ್ವೆಯಲ್ಲಿ ಮೊದಲ ಸುತ್ತಿನ ಪರವಾನಗಿ 2024ರ ಡಿಸೆಂಬರ್‌ನಲ್ಲಿ ನಿಂತಿತು. ಅದನ್ನು ನಿಲ್ಲಿಸಿದ್ದು ಹುಳುಗಳ ಪಟ್ಟಿಯಲ್ಲ. ಬಜೆಟ್ಟಿಗೆ ಬೆಂಬಲ ಬೇಕಿದ್ದ ಸರ್ಕಾರದ ಮೇಲೆ ಒಂದು ಸಣ್ಣ ಪಕ್ಷ ಹಾಕಿದ ಷರತ್ತು. ರಾಜಕೀಯದ ಗಾಳಿ ತಿರುಗಿದರೆ ಕಡತ ಮತ್ತೆ ತೆರೆದೀತು. ಭಾರತವೂ ಇಲ್ಲಿ ಕೇವಲ ಪ್ರೇಕ್ಷಕನಲ್ಲ. 2008ರಿಂದ ಅದೇ ಕಡಲಿನ ಅಂಚಿನ ಸ್ವಾಲ್ಬಾರ್ಡ್‌ನಲ್ಲಿ ‘ಹಿಮಾದ್ರಿ’ ಸಂಶೋಧನಾ ಕೇಂದ್ರವಿದೆ. ಮಧ್ಯ ಹಿಂದೂ ಮಹಾಸಾಗರದ ತಳದಲ್ಲಿ 75,000 ಚದರ ಕಿಲೋಮೀಟರಿನ ಲೋಹಗಡ್ಡೆಗಳ ಶೋಧಕ್ಕೆ 2002ರಲ್ಲಿಯೇ ಒಪ್ಪಂದವಾಗಿದೆ. ಆ ಕಡತದಲ್ಲಿ ಎಷ್ಟು ಹುಳುಗಳು ಹೆಸರು ಸಹಿತ ದಾಖಲಾಗಿವೆ, ಎಷ್ಟು ಬರಿಯ ಸಂಖ್ಯೆಗಳಾಗಿ ಉಳಿದಿವೆ ಎಂದು ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಬಹುದು. ಶುಲ್ಕ ಹತ್ತು ರೂಪಾಯಿ.