ಸಂಪಾದಕರ ಮಾತು: ಗೋಡೆ ಕೆರೆದವರ ಲೆಕ್ಕ

ಸೋದರ ಪತ್ರಿಕೆಯ ಕಲಾ ಅಂಕಣಕಾರರೊಬ್ಬರು ಕಳೆದ ತಿಂಗಳು ಮಿಖೈಲೋ ಬೊಯ್ಚುಕ್‌ನನ್ನು ಎರಡೇ ವಾಕ್ಯಗಳಲ್ಲಿ ತೀರಿಸಿಬಿಟ್ಟಿದ್ದಾರೆ. ಆತ ರಷ್ಯನ್ ಭಿತ್ತಿಚಿತ್ರಕಾರನಂತೆ. ಉಳಿದ ಕೃತಿಗಳು ಬೆರಳೆಣಿಕೆಯಷ್ಟಾದ್ದರಿಂದ ಕಲಾವಿದನಾಗಿ ಗೌಣ, ಏನಿದ್ದರೂ ಒಬ್ಬ ಡ್ರಾಯಿಂಗ್ ಮೇಷ್ಟ್ರಂತೆ.

ಮೊದಲನೆಯದಕ್ಕೆ ಹೆಚ್ಚು ಶಾಯಿ ಬೇಡ. 1882ರಲ್ಲಿ ಅವನು ಹುಟ್ಟಿದ ಉಕ್ರೇನಿನ ತೆರ್ನೋಪಿಲ್ ಸೀಮೆಯ ರೊಮಾನಿವ್ಕಾ ಆಗ ಆಸ್ಟ್ರಿಯಾ ಚಕ್ರವರ್ತಿಯದು, ರಷ್ಯಾದ ಝಾರ್‌ನದಲ್ಲ. ಓದಿಗೆ ದುಡ್ಡು ಕೊಟ್ಟವರು ಲ್ವಿವ್‌ನ ಧರ್ಮಾಧ್ಯಕ್ಷ ಶೆಪ್ಟಿಟ್ಸ್ಕಿ. ಕಲಿತದ್ದು ಕ್ರಾಕೋವ್, ಮ್ಯೂನಿಕ್, ಪ್ಯಾರಿಸ್‌ಗಳಲ್ಲಿ. ಆದರೇನು, ಮಾಸ್ಕೋದಿಂದ ಅಗ್ಗಕ್ಕೆ ಬರುತ್ತಿದ್ದ ಚೆಂದದ ಕನ್ನಡ ಪುಸ್ತಕಗಳನ್ನು ಓದಿ ಬೆಳೆದ ನಮ್ಮ ತಲೆಮಾರಿಗೆ ಸೋವಿಯತ್ ಎಂದದ್ದೆಲ್ಲ ಇಂದಿಗೂ ರಷ್ಯನ್ನೇ.

ಮೈ ಉರಿಸುವುದು ಎರಡನೆಯ ಮಾತು. 1917ರ ಡಿಸೆಂಬರಿನಲ್ಲಿ ಕೀವ್‌ನಲ್ಲಿ ಉಕ್ರೇನಿನ ಕಲಾ ಅಕಾಡೆಮಿ ಶುರುವಾದಾಗ ಅದರ ಸ್ಥಾಪಕ ಪ್ರಾಧ್ಯಾಪಕರಲ್ಲಿ ಬೊಯ್ಚುಕ್ ಒಬ್ಬ. ಹಳೆಯ ಐಕಾನ್‌ಗಳು, ಇಟಲಿಯ ಚಿತ್ರಕಾರ ಜೊತ್ತೊ, ಹಳ್ಳಿಯ ಕಸೂತಿ ಇವೇ ಅವನ ಪಠ್ಯ. ಶಿಷ್ಯರು ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸುವುದನ್ನು ಕಲಿತರು. ಅವರನ್ನು ಕಟ್ಟಿಕೊಂಡು ಕೀವ್‌ನ ಲುಟ್ಸ್ಕ್ ಬ್ಯಾರಕ್ಸ್ (1919), ಒಡೆಸಾ ಬಳಿಯ ರೈತರ ಆರೋಗ್ಯಧಾಮ (1928), ಖಾರ್ಕಿವ್‌ನ ಕಾರ್ಮಿಕರ ರಂಗಮಂದಿರ (1933-35), ಹೀಗೆ ಗೋಡೆಗೋಡೆಗಳನ್ನು ತುಂಬಿದ. 1936ರ ನವೆಂಬರಿನಲ್ಲಿ ಬಂಧನವಾಯಿತು. 1937ರ ಜುಲೈ 13ರಂದು ಶಿಷ್ಯರಾದ ಸೆದ್ಲ್ಯಾರ್ ಮತ್ತು ಪದಾಲ್ಕರ ಜೊತೆಗೆ ಅವನನ್ನೂ ಗುಂಡಿಕ್ಕಿ ಕೊಂದರು. ಡಿಸೆಂಬರಿನಲ್ಲಿ ಅವನ ಹೆಂಡತಿ, ಮರಗೆತ್ತನೆಯ ಮುದ್ರಣದಲ್ಲಿ ಪಳಗಿದ ಕಲಾವಿದೆ ಸೋಫಿಯಾ ನಲೆಪಿನ್ಸ್ಕಾಳ ಸರದಿ. ಚಿತ್ರಗಳನ್ನೂ ಬಿಡಲಿಲ್ಲ, ಗೋಡೆಗಳನ್ನು ಬಳಿದರು, ಕೆರೆದರು. ಕೊಲೆಗಾರರು ಅಳಿಸಿದ್ದನ್ನೇ ಆಧಾರ ಮಾಡಿಕೊಂಡು ನಮ್ಮ ವಿಮರ್ಶಕರು ಸತ್ತವನ ಅಂಕ ಕಳೆಯುತ್ತಾರೆ! (1958ರಲ್ಲಿ ಸೋವಿಯತ್ ಸರ್ಕಾರವೇ ಅವನನ್ನು ನಿರಪರಾಧಿ ಎಂದಿತು. ನಮ್ಮವರು ಇನ್ನೂ ತೀರ್ಪು ಬದಲಿಸಿಲ್ಲ.)

ಇನ್ನು ಶಿಷ್ಯರೆಲ್ಲ ಗುರುವಿನ ಪಡಿಯಚ್ಚುಗಳೆಂಬ ಹಳೆಯ ರಾಗ. ಗೋಡೆಯ ಮುಂದೆ ನಿಂತಾಗ ಅವರು ಒಂದೇ ಮೇಳ, ನಿಜ. ಅದು ಬೊಯ್ಚುಕ್ ಬಯಸಿ ಕಟ್ಟಿದ ಶಿಸ್ತು. ಕಾಗದಕ್ಕೆ, ಹಲಗೆಗೆ ಬಂದಾಗ ನೋಡಿ. ಕವಿ ಶೆವ್ಚೆಂಕೊನ 'ಕೊಬ್ಜಾರ್' ಸಂಕಲನಕ್ಕೆ ಸೆದ್ಲ್ಯಾರ್ ಬರೆದ ಚಿತ್ರಗಳಲ್ಲಿ ಗೆರೆ ನಡುಗುತ್ತದೆ, ಅವಸರಪಡುತ್ತದೆ, ಮೈಕೈ ಸೊಟ್ಟಗಾಗುತ್ತವೆ. ಅದೇ ಶಾಲೆಯ ಒಕ್ಸಾನಾ ಪಾವ್ಲೆಂಕೊಳ ಹೆಂಗಸರು ಕದಲದೆ, ಭಾರವಾಗಿ, ಐಕಾನಿನ ಮಾತೆಯರಂತೆ ನಿಲ್ಲುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದರೆ ಪಡಿಯಚ್ಚು ಎಂದು ಬರೆಯಲು ಕೈ ಬರುತ್ತಿರಲಿಲ್ಲ. 'ಸ್ವಂತಿಕೆ'ಯ ಹೆಸರಿನಲ್ಲಿ ಯಾವ ಪರಂಪರೆಯನ್ನೂ ಕಲಿಯದೆ ಡಿಪ್ಲೊಮಾ ಪಡೆಯುವುದು ಸುಲಭವಾಗಿರುವ ಕಾಲದಲ್ಲಿ, ಕಲಿಸಬಲ್ಲವನನ್ನು ಮೇಷ್ಟ್ರೆಂದು ಹಂಗಿಸುವುದು ಇನ್ನೂ ಸುಲಭ.

2024ರ ಮಾರ್ಚ್ 25ರಂದು ಕೀವ್‌ನಲ್ಲಿ ಬೊಯ್ಚುಕ್ ಹೆಸರಿನ ಕಲಾ ಅಕಾಡೆಮಿಯ ಮೇಲೆ ರಷ್ಯಾದ ಕ್ಷಿಪಣಿ ಬಿತ್ತು. ಅವನು ಯಾರವನು ಎಂಬುದರಲ್ಲಿ ಮಾಸ್ಕೋಗೆ ಯಾವತ್ತೂ ಅನುಮಾನ ಇದ್ದಂತಿಲ್ಲ.

ಈ ಸಂಚಿಕೆಯ ವಿಶೇಷ ವಿಭಾಗ: ಚಿತ್ರಶಾಲೆಗಳು. ಅಂಕಣಕಾರರು ಉತ್ತರಿಸುವುದಾದರೆ ಮುಂದಿನ ಸಂಚಿಕೆಯಲ್ಲಿ ಪೂರ್ತಿ ಅಚ್ಚು ಹಾಕುತ್ತೇವೆ, ಕತ್ತರಿ ಆಡಿಸುವುದಿಲ್ಲ.